ಹಗಲು ಮಲಗಬೇಡಿ

ದವಾಖಾನೆಯ ತಗಡಿನ ಮೇಲೆ ಉಳಿದ ಕೊನೆಯ ಹಿಮ
ಬೆಳಗಿನಿಂದ ತೊಟ್ಟಿಕ್ಕುತ್ತಿದೆ,
ಬಕೆಟ್ಟು ಎರಡು ಸಲ ತುಂಬಿತು.
ಸುರ್ಮಾ ದೇವಿಯ ಮೂಗೂ ಹಾಗೇ.

ಮಾಘದುದ್ದಕ್ಕೂ ಗಟ್ಟಿಯಾಗಿದ್ದೆ, ಡಾಕ್ಟರ್ ದೀದಿ,
ಬಿಸಿಲು ಬಿತ್ತು ನೋಡು, ಮೈಯೆಲ್ಲ ನೆನೆದ ಕಂಬಳಿ.

ನಾನು ಡಾಕ್ಟರಲ್ಲ, ಪುಡಿ ತೂಗುವವಳು.
ವೈದ್ಯರು ಪೌಡಿಗೆ ಮೀಟಿಂಗಿಗೆಂದು ಇಳಿದು
ಇವತ್ತಿಗೆ ಒಂಬತ್ತು ದಿನ.
ಆದರೂ ಕಿಟಕಿಯಾಚೆ ಕೈ ತೋರಿಸಿ
ಅವರದೇ ದನಿಯಲ್ಲಿ ಶುರುಮಾಡುತ್ತೇನೆ:
ಚಳಿಯಲ್ಲಿ ತಿಂದ ತುಪ್ಪ, ಬೆಲ್ಲ, ಉದ್ದಿನ ಪಕೋಡ,
ಒಲೆಯ ಬುಡ ಬಿಟ್ಟು ಏಳದ ಸಂಜೆಗಳು
ಆ ಗುಡ್ಡದ ತಲೆಯ ಹಾಗೆ ನಿನ್ನೊಳಗೂ ಹೆಪ್ಪುಗಟ್ಟಿದ್ದವು.
ಈಗ ಇಳಿಯುತ್ತಿವೆ. ತಡೆಯಬೇಡ,
ಗದ್ದೆಗೆ ನುಗ್ಗುವ ಮೊದಲೇ
ಒಂದು ಕಾಲುವೆ ಕಡಿದುಕೊಡು.

ಹೋದ ವರ್ಷದ ಜವೆಗೋಧಿಯ ರೊಟ್ಟಿ, ಹೊಸದು ಬೇಡ.
ಕಂಡಾಳಿ ಸೊಪ್ಪು, ಚಿಗುರು ಮಾತ್ರ, ಇಕ್ಕಳದಲ್ಲಿ ಕೀಳು,
ಬೆಂದ ಮೇಲೆ ಅದು ಚುಚ್ಚುವುದಿಲ್ಲ.
ಕಡಲೆಹಿಟ್ಟಿಗೆ ತ್ರಿಫಲ ಬೆರೆಸಿ ಒಣಗಿದ್ದಂತೆಯೇ
ಕಾಲಿನಿಂದ ಮೇಲಕ್ಕೆ ಉಜ್ಜಿಕೋ, ರೋಮಕ್ಕೆ ಎದುರಾಗಿ.
ಜೇನು ನಿಮ್ಮ ಗೋಡೆಯ ಗೂಡಿನದೇ ಇದೆಯಲ್ಲ,
ಕುದಿವ ನೀರಿಗೆ ಸುರಿಯಬೇಡ ಮಾರಾಯ್ತಿ,
ಬೆರಳಿಗೆ ಬಿಸಿಯೆಂದು ತಿಳಿಯಬಾರದು, ತಣ್ಣಗೆಂದೂ.
ಮತ್ತೆ, ಹಗಲು ಮಲಗಬೇಡ.

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದವಳು ನಿಲ್ಲಿಸಿದಳು.

ತುಪ್ಪವೇ? ಎಮ್ಮೆ ಬತ್ತಿದ್ದು ಕಾರ್ತಿಕದಲ್ಲಿ.
ಹಗಲು ಮಲಗುವುದೇ? ನಾಲ್ಕಕ್ಕೆ ಹುಲ್ಲಿಗೆ ಹೊರಡುವವಳು ನಾನು.
ಆ ಚೀಟಿ ನನ್ನ ಗಂಡನಿಗೆ ಬರೆದುಕೊಡು,
ಅವನಿಗೆ ಓದಲು ಬರುತ್ತದೆ,
ಓದುತ್ತ ಓದುತ್ತ ನಿದ್ದೆಯೂ ಬರುತ್ತದೆ.

ನಕ್ಕಳು, ನಗುವಿನ ನಡುವೆ ಕೆಮ್ಮು,
ಕೆಮ್ಮಿನ ತಳದಲ್ಲಿ ಏನೋ ಉರುಳಿದ ಸದ್ದು.
ತುಪ್ಪವಲ್ಲದಿದ್ದರೆ ಮತ್ತೇನು ಕೂಡಿತು ಇವಳೊಳಗೆ?
ಪುಸ್ತಕದ ಋತುವಿನಲ್ಲಿ ಹುಲ್ಲಿನ ಹೊರೆಗೆ ಕಾಲಂ ಇಲ್ಲ.
ಒದ್ದೆ ಸೌದೆಯ ಹೊಗೆಗೂ ಇಲ್ಲ.
ಕೇಳಲಿಲ್ಲ. ತಕ್ಕಡಿ ಎತ್ತಿಕೊಂಡೆ.

ಹಿತ್ತಾಳೆಯದು, ನನಗಿಂತ ಹಳತು.
ಎಡದ ತಟ್ಟೆ ಒಂದು ಗುಲಗಂಜಿಯಷ್ಟು ಹಗುರ,
ಹಿಂದಿನ ಕಂಪೌಂಡರ್ ಯಾರೋ ಅದರ ಬೆನ್ನಿಗೆ
ಹುಣಸೆಬೀಜ ಅಂಟಿಸಿ ಮೇಣ ಮೆತ್ತಿದ್ದಾರೆ.
ಶುಂಠಿ, ಮೆಣಸು, ಹಿಪ್ಪಲಿ
ಮೂರೂ ಸಮ ಬೀಳಬೇಕು.
ಮುಳ್ಳು ನಡುಗುತ್ತದೆ, ನಿಲ್ಲುವ ಹಾಗೆ ಮಾಡುತ್ತದೆ,
ಮತ್ತೆ ನಡುಗುತ್ತದೆ.

ಆಗಲೇ ಹೊಸ್ತಿಲಲ್ಲಿ ಮಕ್ಕಳ ಗಲಾಟೆ.
ಫೂಲ್ ದೇಯಿ, ಛಮ್ಮಾ ದೇಯಿ ಎನ್ನುತ್ತ
ಬುಟ್ಟಿ ತುಂಬ ಬುರಾಂಸದ ಕೆಂಪು, ಫ್ಯೂಂಲಿಯ ಹಳದಿ.
ಮನೆಗಳ ಬಾಗಿಲು ಮುಗಿಸಿ ಸರ್ಕಾರದ ಬಾಗಿಲಿಗೂ ಬಂದಿದ್ದಾರೆ.
ಎಲ್ಲರಿಗಿಂತ ಪುಟ್ಟವಳು, ಹಲ್ಲಿಲ್ಲದ ಬಿಜ್ಮಾ,
ಒಳಗೆ ನುಗ್ಗಿ ಖಾಲಿ ತಟ್ಟೆಗೆ ಒಂದು ಹಳದಿ ಹೂವಿಟ್ಟು
ಅಕ್ಕಿಗೆ ಕೈ ಚಾಚಿದಳು.

ದವಾಖಾನೆಯಲ್ಲಿ ಅಕ್ಕಿಯಿಲ್ಲ.
ಸುರ್ಮಾ ತನ್ನ ಸೆರಗಿನ ಗಂಟು ಬಿಚ್ಚಿ
ಎರಡು ರೂಪಾಯಿ ಕೊಟ್ಟಳು, ನನ್ನ ಪರವಾಗಿ.
ಪುಡಿಯ ಪೊಟ್ಟಣ ಕುಡುಗೋಲಿನ ಪಕ್ಕ ಸಿಕ್ಕಿಸಿಕೊಂಡು ಹೋದಳು.

ಮಧ್ಯಾಹ್ನ. ಯಾರೂ ಇಲ್ಲ.
ಬಿಸಿಲು ಮೇಜಿನ ಅರ್ಧಕ್ಕೆ ಬಂದು ಕೂತಿದೆ.
ಬಕೆಟ್ಟಿಗೆ ಹನಿ, ಹನಿಗೆ ಹನಿ,
ಪಕ್ಕದ ಮನೆಯ ಗೋಡೆಯೊಳಗೆ ಜೇನ್ನೊಣಗಳ ಗುಂಯ್.
ಎದುರಿಗೆ ನನ್ನದೇ ಅಕ್ಷರದ ಬೋರ್ಡು:
ವಸಂತದಲ್ಲಿ ಹಗಲು ಮಲಗಬೇಡಿ.
ಮ-ಕಾರದ ಕೊಂಬು ಮಸುಕಾಯಿತು,
ಆಮೇಲೆ ಬೋರ್ಡು.

ಟಕ್ ಟಕ್ ಟಕ್.
ಕಿಟಕಿಯ ಸರಳಿಗೆ ಕುಡುಗೋಲು.
ಹುಲ್ಲಿನ ದೊಡ್ಡ ಗುಡ್ಡದ ಕೆಳಗಿಂದ ಎರಡು ಕಣ್ಣು,
ಕೆಂಪು ಮೂಗು:

ಏಳು, ಡಾಕ್ಟರ್ ದೀದಿ,
ನಿನ್ನ ಬಕೆಟ್ಟು ಉಕ್ಕುತ್ತಿದೆ.