ಹಾರುತ್ತಿತ್ತು

ಶಿಡ್ಲಘಟ್ಟದಲ್ಲಿ, ಸೈಕಲ್ ಶಾಪಿನ ಮಹಡಿಯಲ್ಲಿ,
ಸಂಜೆ ಏಳಕ್ಕೆ ನಾವು ಆರು ಜನ ಕಾಲ ಕಲಿಯುತ್ತೇವೆ.
ನನ್ನ ಬೆರಳ ತುದಿಗಳು ಬಿಸಿನೀರಲ್ಲಿ ಬೆಂದು ಬೆಳ್ಳಗಾಗಿವೆ,
ಪೆನ್ಸಿಲು ಜಾರುತ್ತದೆ.
ಮೈಗೆ ಹುಳದ ವಾಸನೆ. ಕಿಟಕಿ ಪಕ್ಕವೇ ಕೂರುತ್ತೇನೆ,
ಯಾರೂ ಹೇಳಿಲ್ಲ, ಆದರೂ.

ಮುಬೀನಾ ಮೇಡಂಗೆ ಇಪ್ಪತ್ತಮೂರು,
ನನ್ನ ದೊಡ್ಡ ಮಗಳಿಗಿಂತ ಒಂದೇ ವರ್ಷ ಹೆಚ್ಚು.
ಬೋರ್ಡಿನ ಮೇಲೆ ಉದ್ದಕ್ಕೊಂದು ಗೆರೆ ಎಳೆದು
ಈಚೆ ನಿನ್ನೆ, ಆಚೆ ನಾಳೆ, ನಡುವೆ ಚುಕ್ಕಿ ಇಟ್ಟು
'ಇದು ಈಗ' ಅಂದಳು.
ಬಳಪ ಮುರಿಯಿತು.

ನಾನು ಇಲ್ಲಿಗೆ ಬಂದದ್ದು ಒಂದು ಪ್ರಶ್ನೆಯಿಂದ.
ಕಾರ್ತೀಕದಲ್ಲಿ ನಮ್ಮ ಬಿಚ್ಚಾಣಿಕೆ ಷೆಡ್ಡಿಗೆ ಬಂದಿದ್ದಳು
ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡ ಪರದೇಶದವಳು.
ಹಬೆಯೊಳಗೆ ಬಗ್ಗಿ ನನ್ನನ್ನೇ ಕೇಳಿದಳು:
'ಹೌ ಲಾಂಗ್ ಹ್ಯಾವ್ ಯೂ ಬೀನ್ ಡೂಯಿಂಗ್ ದಿಸ್?'
ನಾನು 'ಎಸ್' ಅಂದೆ.
ಒಳ್ಳೆಯವಳು, ತಲೆಯಾಡಿಸಿದಳು.
ರಾತ್ರಿಯೆಲ್ಲ ಆ ಎಸ್ಸು
ಗಂಟಲಲ್ಲಿ ಮೀನಿನ ಮುಳ್ಳು.

ಮೊದಲ ವಾರ ಸುಲಭವಿತ್ತು. ಐ ಗೋ, ಐ ವೆಂಟ್, ಐ ವಿಲ್ ಗೋ.
ಆಮೇಲೆ ಮೇಡಂ, 'ಕೆಳಗಿಂದ ಯಾರೋ ಕರೀತಾರೆ, ಏನಂತೀರ?'
'ಬಂದೆ' ಅಂದೆ.
'ಎಲ್ಲಿ ಬಂದ್ರಿ? ಕುರ್ಚಿ ಮೇಲೇ ಇದ್ದೀರಲ್ಲ!'
ನಿಜ. ಬುದ್ಧಿ ಬಂದಾಗಿನಿಂದ
ಒಲೆ ಮುಂದೆ, ಬಚ್ಚಲಲ್ಲಿ, ಬಾಣಂತಿ ಮಂಚದಲ್ಲಿ ಕೂಡ
ಏಳದೆಯೇ 'ಬಂದೆ' ಅಂದಿದ್ದೇನೆ;
ಕಾಲಿಗಿಂತ ಮುಂಚೆ ಮಾತು ಹೋಗಿ ನಿಂತಿರುತ್ತದೆ.
ಹೊರಡುವಾಗಲೂ 'ಬರ್ತೀನಿ' ಅನ್ನುವವರು ನಾವು.
'ಐ ಆಮ್ ಗೋಯಿಂಗ್' ಎಂದು ಹೇಳಿಸಿದರೆ
ಲಗೇಜ್ ಆಟೋದ ಆಂಜಿನಪ್ಪ ಕೆನ್ನೆ ಬಡಿದುಕೊಂಡ:
'ಬಿಡ್ತು ಅನ್ನಿ ಮೇಡಂ.'

ಮನೆಯಲ್ಲಿ ತೆಲುಗು, ಬ್ಯಾಂಕಿನಲ್ಲಿ ಕನ್ನಡ,
ಷೆಡ್ಡಿನಲ್ಲಿ ಸಾಹೇಬರ ಉರ್ದು.
ಮೂರರಲ್ಲೂ ಬೈಸಿಕೊಂಡವಳಿಗೆ ನಾಲ್ಕನೆಯದೇನು ಹೆದರಿಕೆ?
ಆದರೆ ಈ ಹ್ಯಾವ್ ಬೀನ್ ಮಾತ್ರ ಕೈಗೆ ಸಿಗಲಿಲ್ಲ,
'ಆವತ್ತು ಹಿಡಿದ ಎಳೆ ಇವತ್ತಿಗೂ ಕೈಯಲ್ಲಿದ್ದರೆ' ಎಂದು
ಮೇಡಂ ಹೇಳುವವರೆಗೆ.
ಎಳೆಯೇ? ಅದು ನನಗೆ ಗೊತ್ತು.
ಒಂದು ಗೂಡಿನ ನೂಲು ಕೆರೆ ಏರಿಯ ಉದ್ದಕ್ಕೂ ಬರುತ್ತದೆ.
ಕಡಿದರೆ ಡಿಡ್. ಕಡಿಯದೆ ಸುತ್ತುತ್ತಲೇ ಇದ್ದರೆ ಹ್ಯಾವ್ ಬೀನ್.
ಮರುದಿನ ಚರಕದ ಮುಂದೆ,
ಕುದಿನೀರಲ್ಲಿ ಕುಣಿಯುವ ಗೂಡುಗಳಿಗೆ ಹೇಳಿದೆ:
ಐ ಹ್ಯಾವ್ ಬೀನ್ ಡೂಯಿಂಗ್ ದಿಸ್ ಫಾರ್ ನೈನ್‌ಟೀನ್ ಇಯರ್ಸ್.
'ಯಾರಿಗೆ ಬೈತಿದ್ದೀಯ?' ಅಂದಳು ಪಕ್ಕದ ಗೌಸಿಯಾ.

ಹೋದ ಗುರುವಾರ ಕರೆಂಟು ಹೋಯಿತು.
ಮೊಬೈಲ್ ಬೆಳಕಲ್ಲಿ ಮೇಡಂ,
'ನಿಮ್ಮ ನಿಮ್ಮ ಕೆಲಸದ್ದು ಒಂದೊಂದು ವಾಕ್ಯ.'
ಬೇಕರಿ ಚಲಪತಿಯ ಬನ್ನು ಬೇಯುತ್ತಿತ್ತು, ವಾಸ್ ಬೇಕಿಂಗ್.
ನನ್ನ ಸರದಿ. ಕನ್ನಡದಲ್ಲಿ ಕಟ್ಟಿಕೊಂಡೆ ಮೊದಲು:
ಚಿಟ್ಟೆ ಹಾರುತ್ತಿತ್ತು.
'ವಾಸ್ ಫ್ಲೈಯಿಂಗ್. ವೆರಿ ಗುಡ್.'
ಅಲ್ಲ ಮೇಡಂ, ಅದು ಹಾರಲೇ ಇಲ್ಲ.
ಗೂಡಿನೊಳಗೇ ಇತ್ತು, ನಾವು ನೀರಿಗೆ ಹಾಕಿದೆವು.
ಇನ್ನೊಂದು ವಾರ ಬಿಟ್ಟಿದ್ದರೆ ಹಾರುತ್ತಿತ್ತು. ಆ ಹಾರುತ್ತಿತ್ತು.

ಮೇಡಂ ಸುಮ್ಮನಾದಳು.
'ಅದಕ್ಕೆ ಬೇರೆ ಇದೆ. ವುಡ್ ಹ್ಯಾವ್. ಮುಂದಿನ ತಿಂಗಳು.'

ಅವರಿಗೆ ಬೇರೆ ಬೇರೆಯಂತೆ,
ಹಾರಿದ್ದಕ್ಕೊಂದು ಡಬ್ಬಿ, ಹಾರದೆ ಹೋದದ್ದಕ್ಕೊಂದು.
ನಮ್ಮಲ್ಲಿ ಎರಡೂ ಒಂದೇ ಗೂಡಲ್ಲಿ ಮಲಗಿರುತ್ತವೆ.
ಏಳನೇ ಕ್ಲಾಸಿನ ಮಾತು ಬಂದಾಗ
'ಚೆನ್ನಾಗಿ ಓದುತ್ತಿದ್ದೆ' ಅನ್ನುತ್ತೇನೆ ಮಕ್ಕಳ ಮುಂದೆ.
ಓದುತ್ತಿದ್ದೆನೋ,
ಓದಿಸಿದ್ದರೆ ಓದುತ್ತಿದ್ದೆನೋ,
ಅವರು ಕೇಳಿಲ್ಲ. ನಾನೂ ಬಿಡಿಸಿ ಹೇಳಿಲ್ಲ.

ಕೆಳಗೆ ಸ್ಕೂಟಿ ಹಾರನ್ನು. ಚಿಕ್ಕವಳು:
'ಅಮ್ಮಾ, ಲೇಟಾಯ್ತು!'
'ಬಂದೆ' ಅಂದೆ.
ಕುರ್ಚಿಯಲ್ಲೇ ಇದ್ದೆ.