ಎರಡನೇ ಜ್ವರದ ದಿನ

ಚಪ್ಪಲಿ ಹೊರಗೆ. ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಒಳಬಂದರೆ
ಅಶ್ವತ್ಥಮ್ಮ ತುಟಿಗೆ ಬೆರಳಿಡುತ್ತಾರೆ:
'ಮೆಲ್ಲಗೆ ಕಣೋ ನಾರೆಪ್ಪ, ಎರಡನೇ ಜ್ವರಕ್ಕೆ ಕೂತವೆ.'
ಹುಳುವಿಗೆ ಕಿವಿಯಿಲ್ಲ ಅಂತ ಇಬ್ಬರಿಗೂ ಗೊತ್ತು.
ಆದರೂ ಸ್ಪ್ಯಾನರನ್ನು ಬಟ್ಟೆಯ ಮೇಲಿಡುತ್ತೇನೆ.

ಸಾವಿರ ಮೊಟ್ಟೆಯ ಚಾಕಿ ಮನೆ, ಶಿಡ್ಲಘಟ್ಟದಿಂದ
ದಿಬ್ಬೂರಹಳ್ಳಿ ದಾರಿಯಲ್ಲಿ.
ನಾಲ್ಕು ಲಕ್ಷ ಬಾಯಿ ಒಟ್ಟಿಗೆ ಮುಚ್ಚಿವೆ,
ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ, ಅಲುಗದೆ,
ಯಾರೋ ಹೆಸರು ಕೂಗುತ್ತಾರೆ ಅಂತ ಕಾದ ಹಾಗೆ.

ಮುಂಚೆ ಇಲ್ಲಿ ಇದ್ದಿಲ ಕುಂಪಟೆ ಇತ್ತು.
ಧನುರ್ಮಾಸದಲ್ಲಿ ಕಿಟಕಿ ತೆಗೆದರೆ ಚಳಿ, ಮುಚ್ಚಿದರೆ ಹೊಗೆ;
ಅಶ್ವತ್ಥಮ್ಮ ಅದರ ಪಕ್ಕದಲ್ಲೇ ಕೆಮ್ಮುತ್ತಾ ಮಲಗುತ್ತಿದ್ದರು.
ಈಗ ಗೋಡೆಯ ನೆತ್ತಿಯಲ್ಲಿ ತಗಡಿನ ಪೆಟ್ಟಿಗೆ:
ಹೊರಗೆ ಹೋಗುವ ಗಾಳಿಯ ಕಾವನ್ನು ಬಾಗಿಲಲ್ಲೇ ಬಿಡಿಸಿಕೊಂಡು
ಒಳಗೆ ಬರುವ ಗಾಳಿಯ ಮಡಿಲಿಗೆ ಹಾಕುವುದು ಅದರ ಕಸುಬು.
ಅದನ್ನು ತೊಳೆಯುವುದು ನನ್ನದು.

ಮೊದಲು ಸ್ವಿಚ್ಚು.
ಫ್ಯಾನು ನಿಂತ ಮೇಲೆ ಕೇಳುತ್ತದೆ
ಪಕ್ಕದ ಕೋಣೆಯಲ್ಲಿ ಸೊಪ್ಪು ಹೆಚ್ಚುವ ಕತ್ತಿ, ದೂರದ ಬೋರು.
ಆಮೇಲೆ ತಿರುಪು, ಮೂರು.
ನಾಲ್ಕನೆಯದು ಹೋದ ವರ್ಷ ಕಳೆದು ಅಲ್ಲೊಂದು ತಂತಿ.

ಹೊರಗಾಳಿಯ ಫಿಲ್ಟರು ನನಗೆ ಪಂಚಾಂಗ.
ರಾಗಿ ಬಡಿಯುವಾಗ ಹೊಟ್ಟು,
ಕ್ರಷರು ನಡೆದ ವಾರ ಬೂದಿ,
ಮಾವು ಹೂಬಿಟ್ಟಾಗ ಏನೋ ಒಂದು ಅಂಟು.
ಇವತ್ತು, ಬಲೆಗೆ ಹಣೆಯೊತ್ತಿ, ಊಜಿ ನೊಣ ಒಂದು
ಒಣಗಿದೆ. ಹುಳುವಿನ ವಾಸನೆ ಹಿಡಿದು ಇಷ್ಟು ದೂರ ಬಂದಿತ್ತು,
ಇನ್ನು ಒಂದು ಗೇಣು ಇತ್ತು.
ಒಳಗಿನ ಫಿಲ್ಟರು ಬರೀ ಬಿಳಿ,
ಜ್ವರದ ಹಾಸಿಗೆಗೆ ಎರಚಿದ ಸುಣ್ಣ.

ತಿರುಳನ್ನು ಹೊರಗೆಳೆಯುವಾಗ ಮಾತ್ರ
ಹಸುಗೂಸಿಗೆ ಕೊಟ್ಟ ಹಾಗೆ ತಳಕ್ಕೆ ಕೈ ಕೊಡಬೇಕು.
ಉಗುರುಬೆಚ್ಚನೆ ನೀರು. ಸೋಪು ಬೇಡ,
ಅದರ ವಾಸನೆ ಇವಕ್ಕೆ ಆಗುವುದಿಲ್ಲ.
ಬಕೆಟ್ಟು ತಂದ ತಾಯಪ್ಪ ಬಗ್ಗಿ ನೋಡಿದ:
'ಅಣ್ಣ, ಒಳಗಿನ ಗಾಳಿ ಹೊರಗಿನ ಗಾಳಿ
ಇದರೊಳಗೆ ಒಂದಕ್ಕೊಂದು ತಾಗುತ್ವಾ?'
'ಇಲ್ಲ. ನಡುವೆ ಹಾಳೆ. ಕಾವು ಮಾತ್ರ ದಾಟುತ್ತೆ.'

ಹೇಳಿದೆ. ನನ್ನ ಮಾತು ನನಗೇ ಗಂಟಲಲ್ಲಿ ನಿಂತಿತು.

ಅಜ್ಜನ ಲೋಟ ಹೋಟೆಲಿನ ಆಚೆ
ಬೇವಿನ ಕವಲಿನಲ್ಲಿರುತ್ತಿತ್ತು.
ಮೇಲಿಂದ ಹೊಯ್ಯುತ್ತಿದ್ದರು, ಕೈಗೆ ಕೈ ಸೋಕದಷ್ಟು ಮೇಲಿಂದ.
ಟೀ ಬಿಸಿಯಾಗೇ ಇರುತ್ತಿತ್ತಪ್ಪ, ಅನ್ನುತ್ತಿದ್ದ ಅಜ್ಜ.
ಸುಳ್ಳು ಹೇಳುವ ಆಳಲ್ಲ.
ಬೀಳುತ್ತಾ ಬೀಳುತ್ತಾ ಎಷ್ಟು ಆರುತ್ತಿತ್ತೋ,
ಅದನ್ನು ಅಳೆಯುವ ಮೀಟರು ನನ್ನ ಚೀಲದಲ್ಲಿಲ್ಲ.

ತಾಯಪ್ಪನಿಗೆ ಹೇಳಲಿಲ್ಲ.
ಆ ಹೋಟೆಲು ಅವನ ಚಿಕ್ಕತಾತನದು.
ಹತ್ತೊಂಬತ್ತು ವರ್ಷದ ಹುಡುಗ. ಗೊತ್ತಿದೆಯೋ ಇಲ್ಲವೋ.
'ಟಾರ್ಚು ಹಿಡಿ' ಅಂದೆ, 'ಆ ಕಡೆಯಿಂದ.'
ಹಿಡಿದ.
ಸಂದಿಸಂದಿಯಲ್ಲೂ ಬೆಳಕು ಈಚೆ ಬಂತು,
ಒಂದರಲ್ಲಿ ಬರಲಿಲ್ಲ. ಸುಣ್ಣದ ಹೆಕ್ಕಳೆ.
ಊದಿದೆ. ಅಲ್ಲಾಡಲಿಲ್ಲ.
'ತಡಿ ಅಣ್ಣ' ಅಂತ ಅವನು ಆ ಕಡೆಯಿಂದ ಊದಿದ.
ನನ್ನ ಕಣ್ಣಿಗೇ ಬಿತ್ತು.

ಕಣ್ಣು ತೊಳೆದುಕೊಳ್ಳುವಷ್ಟರಲ್ಲಿ
ನೆರಳಲ್ಲಿ ತಿರುಳು ಒಣಗಿತ್ತು. ನೀರಿಳಿವ ಕೊಳವೆಗೆ
ಒಂದು ಚೊಂಬು ಸುರಿದೆ: ಗುಟುಕು ಗುಟುಕಾಗಿ ಕುಡಿದು
ಆಚೆ ಹಿಪ್ಪುನೇರಳೆ ಬುಡಕ್ಕೆ ಬಿಟ್ಟಿತು.
ಮತ್ತೆ ಸ್ವಿಚ್ಚು. ಗಾಳಿಬಾಯಿಗೆ ಅಶ್ವತ್ಥಮ್ಮ
ಅಂಗೈಯಲ್ಲ, ಕೆನ್ನೆ ಕೊಟ್ಟು ನೋಡಿದರು.
ಏನೂ ಅನ್ನಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತರು.

ನಾಳೆ ಮಧ್ಯಾಹ್ನ ಇವು ಹಳೇ ಚರ್ಮ ಬಿಟ್ಟು
ಹಸಿದು ಏಳುತ್ತವೆ. ನಾಡಿದ್ದು ಹತ್ತು ಊರಿಗೆ
ಹಂಚಿಹೋಗುತ್ತವೆ, ಯಾರ ಮನೆ ಯಾವ ಕೇರಿ ಅಂತ ಕೇಳದೆ.

ರಿಜಿಸ್ಟರಿನಲ್ಲಿ ಬರೆದೆ:
ಫಿಲ್ಟರ್ ಎರಡೂ ತೊಳೆದಿದೆ. ಒಂದು ನೊಣ.
ಮುಂದಿನ ಸಲ ತರಬೇಕಾದ್ದು: ತಿರುಪು, ಒಂದು.