ಗುಂಡಿ

ಅಸೋರ್ಸ್ ದ್ವೀಪದಿಂದ ಬಂದವಳು, ದೆವೊಲಿಂದಾ, ನನ್ನಮ್ಮ.
ನ್ಯೂ ಬೆಡ್‌ಫರ್ಡ್ ಬಂದರಿನ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷ ಮೀನು ಸೀಳಿದಳು.
ಜಪಮಾಲೆಗೂ ಅದೇ ವಾಸನೆ.
ಮೂಗು ಮುಚ್ಚಿದರೆ ತಲೆಗೊಂದು ಮೊಟಕಿ,
"ಪೇತ್ರನೂ ಬೆಸ್ತನೇ ಕಣೇ."

ಹಿಮ ಬೀಳಲಿ, ಎರಡು ಬಸ್ಸು ಬದಲಿಸಿ
ಪೋರ್ಚುಗೀಸ್ ಇಗರ್ಜಿಗೇ ಹೋಗಬೇಕು.
"ದೇವರಿಗೆ ಇಂಗ್ಲಿಷೂ ಬರುತ್ತಮ್ಮಾ."
"ಅವನಿಗೆ ಬರುತ್ತೆ. ನನಗೆ?"

ಕೊನೆಯ ವಾರ ನನ್ನ ಹೆಸರು ಮರೆತಳು.
ಹೆಬ್ಬೆರಳು ಮಾತ್ರ ಹೊದಿಕೆಯ ಅಂಚನ್ನು
ಎಣಿಸುತ್ತಲೇ ಇತ್ತು.
ನರ್ಸ್ ಅದನ್ನು 'ನಡುಕ' ಎಂದು ಬರೆದುಕೊಂಡಳು.

ಮಾಲೆ ಕೋಟಿನ ಜೇಬಿನಲ್ಲಿ ಸಿಕ್ಕಿತು.
ಉದುರಿದ ಒಂದು ಮಣಿಯ ಜಾಗದಲ್ಲಿ
ನನ್ನ ಶಾಲೆಯ ಅಂಗಿಯ ಗುಂಡಿ,
ನೀಲಿ, ನಾಲ್ಕು ತೂತಿನದು.
ಕಳೆದೆನೆಂದು ಅವತ್ತು
ಎಷ್ಟು ಬೈಸಿಕೊಂಡಿದ್ದೆ!

ಪ್ರಾರ್ಥನೆ ಬಾರದ ನನ್ನ ಬೆರಳು
ಅಲ್ಲಿಯವರೆಗೆ ಹೋಗುತ್ತದೆ.
ಮುಂದಕ್ಕೆ ಜರುಗುವುದಿಲ್ಲ.